ಸೂತ್ರಲೇಖನ ಮೀಮಾಂಸೆ: ಡಾಲರ್ ಚಿಹ್ನೆಯ ತಾತ್ತ್ವಿಕ ನೆಲೆಗಳು

ಗಣಿತದ ಸೂತ್ರವನ್ನು ಕೀಲಿಮಣೆಯ ಮೂಲಕ ಪರದೆಗೆ ಇಳಿಸುವ ಕ್ರಿಯೆಯನ್ನು ಪ್ರಸ್ತುತ ಅಧ್ಯಯನವು ‘ಸಂಕೇತಾವತರಣ’ವೆಂದು ಕರೆಯುತ್ತದೆ. ಲೋಕರೂಢಿಯಲ್ಲಿ ಇದಕ್ಕೆ ‘ಟೈಪ್ ಮಾಡುವುದು’ ಎಂಬ ಮಾತಿದೆಯಾದರೂ, ಎಲ್ಲರಿಗೂ ತಿಳಿಯುವ ಪದವು ಪರಿಭಾಷೆಯಾಗಲಾರದೆಂಬುದು ಶಾಸ್ತ್ರದ ಮೊದಲ ನಿಯಮವಾದ್ದರಿಂದ ಅದನ್ನು ಕೈಬಿಡಲಾಗಿದೆ.

ಈ ಶಾಸ್ತ್ರದ ಮೂಲಪುರುಷರು ಅಮೆರಿಕದ ಡೊನಾಲ್ಡ್ ಕನೂತ್. ತಮ್ಮ ಗ್ರಂಥವೊಂದರ ಎರಡನೆಯ ಸಂಪುಟದ ಹೊಸ ಆವೃತ್ತಿ ಅಚ್ಚಿಗೆ ಹೋದಾಗ ಬಂದ ಕರಡಚ್ಚಿನ ಅಂದಗೇಡಿತನಕ್ಕೆ ನೊಂದ ಅವರು, 1977ರಲ್ಲಿ ‘ಟೆಕ್’ ಎಂಬ ಅಚ್ಚುಜೋಡಣೆಯ ತಂತ್ರಾಂಶವನ್ನು ಕಟ್ಟಲು ಕುಳಿತರು. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅದರ ಮೇಲೆ ‘ಲೇಟೆಕ್’ ಎಂಬ ಮಹಡಿಯನ್ನೆಬ್ಬಿಸಿದರು. ಟೆಕ್‌ನ ಆವೃತ್ತಿ ಸಂಖ್ಯೆಯು 3.14, 3.141 ಎಂದು ಪೈ ಬೆಲೆಯತ್ತ ಒಂದೊಂದೇ ಅಂಕಿ ಬೆಳೆಯುತ್ತದೆ. ಸೂತ್ರದ ಹಿಂದೆ ಮುಂದೆ ಡಾಲರ್ ಚಿಹ್ನೆ ಇಡಬೇಕೆಂಬ ವಿಧಿಗೆ ಕನೂತರು ನೀಡಿದ ಕಾರಣ, ಗಣಿತದ ಅಚ್ಚು ದುಬಾರಿಯೆಂಬ ಲೋಕದ ನಂಬಿಕೆ. ಇದರ ಫಲವಾಗಿ ಒಂದೇ ವಾಕ್ಯದಲ್ಲಿ ಎರಡು ಸರಕುಗಳ ಬೆಲೆಯನ್ನು ಡಾಲರಿನಲ್ಲಿ ಬರೆದರೆ, ನಡುವಿನ ಮಾತೆಲ್ಲ ಸೂತ್ರವೆನಿಸಿಕೊಂಡು, ಪದಗಳ ನಡುವಣ ತೆರಪನ್ನು ಕಳೆದುಕೊಂಡು, ಓರೆಯಕ್ಷರಗಳಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ರೂಪಾಯಿಗೆ ಈ ಶಾಸ್ತ್ರೀಯ ಗೌರವ ದೊರೆತಿಲ್ಲವಾದ್ದರಿಂದ ಸಂತೆಯ ಲೆಕ್ಕ ಸದ್ಯಕ್ಕೆ ಸುರಕ್ಷಿತವಾಗಿದೆ.

ಸಂಕೇತಾವತಾರಕರನ್ನು ಐದು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯವರು ನಿರಾಯುಧರು: ಇವರು ‘1/2ಅ’ ಎಂದು ಬರೆದು, ಅದು ‘ಅ’ದ ಅರ್ಧವೋ, ‘2ಅ’ ಛೇದವಾಗಿರುವ ಭಿನ್ನರಾಶಿಯೋ ಎಂಬ ನಿರ್ಣಯವನ್ನು ಓದುಗರ ಸಂಸ್ಕಾರಕ್ಕೆ ಬಿಡುತ್ತಾರೆ. ಎರಡನೆಯವರು ಅರ್ಧಾಯುಧರು: ಘಾತವನ್ನು ಸೂಚಿಸುವ ಟೋಪಿಯಾಕಾರದ ಚಿಹ್ನೆಯನ್ನು ಇವರು ಬಲ್ಲರು, ಆದರೆ ಒಂದಕ್ಕಿಂತ ಹೆಚ್ಚು ಅಂಕಿಗಳ ಘಾತವನ್ನು ಪುಷ್ಪಾವರಣದಲ್ಲಿ, ಅಂದರೆ ಬಳ್ಳಿಯಂತೆ ಬಳುಕುವ ಕಂಸದಲ್ಲಿ, ಕೂರಿಸಬೇಕೆಂದು ಅರಿಯರು, ಆದಕಾರಣ 2^10 ಎಂದು ಬರೆದಾಗ 1 ಮಾತ್ರ ಮೇಲೇರಿ, 0 ಕೆಳಗೇ ಉಳಿದು, 2¹0 ಎಂಬ ಅನಾಥ ರೂಪ ಹುಟ್ಟುತ್ತದೆ. ಮೂರನೆಯವರು ದ್ವಾರಪಾಲಕರು: ಅಂತರ್ಜಾಲದ ವೇದಿಕೆಗಳಲ್ಲಿ ಕೇಳಿದ ಗಣಿತದ ಪ್ರಶ್ನೆಗೆ ಉತ್ತರಿಸದೆ, ಪ್ರಶ್ನೆಯನ್ನು ಸರಿಯಾಗಿ ಟೈಪಿಸಿ ತರುವಂತೆ ಆಜ್ಞಾಪಿಸುವುದು ಇವರ ಲಕ್ಷಣ. ನಾಲ್ಕು ಮತ್ತು ಐದನೆಯ ವರ್ಗಗಳ ವಿವೇಚನೆಯನ್ನು, ಮೂರನೆಯವರೇ ಸಾಕುಸಾಕೆನಿಸಿರುವುದರಿಂದ, ಇಲ್ಲಿಗೇ ನಿಲ್ಲಿಸಲಾಗಿದೆ.

ಏಕೆಂದರೆ ಉತ್ತರ ಗೊತ್ತಿದ್ದೂ ಬಾಯಿಬಿಡದೆ ಕಂಸ ಎಣಿಸುತ್ತ ಕೂರುವುದಕ್ಕೆ ಪಾಂಡಿತ್ಯವೆಂದು ಹೆಸರಿಡುವಷ್ಟು ಭಾಷೆ ಇನ್ನೂ ಕೆಟ್ಟಿಲ್ಲ. ರಾಜಾದಿತ್ಯ 12ನೆಯ ಶತಮಾನದಲ್ಲೇ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದ ನಾಡಿನಲ್ಲಿ, ಅಂಶ, ಛೇದ, ವರ್ಗಮೂಲವೆಂದು ಕನ್ನಡದಲ್ಲೇ ಕಲಿತ ಹುಡುಗಿಯೊಬ್ಬಳು ತನ್ನ ಸಂದೇಹವನ್ನು ಪರದೆಗೆ ತರಬೇಕಾದರೆ, ಮೊದಲು ಲೇಟೆಕ್ ಆಜ್ಞೆಗಳ ಆರಂಭದಲ್ಲಿ ಬರುವ ಬ್ಯಾಕ್‌ಸ್ಲ್ಯಾಶ್ ಎಲ್ಲಿದೆಯೆಂದು ಫೋನಿನ ಕೀಲಿಮಣೆಯ ಪುಟ ತಿರುವಿ ಹುಡುಕಬೇಕು, ಬಳಿಕ ಭಿನ್ನರಾಶಿಗೆ ‘ಫ್ರ್ಯಾಕ್’ ಎಂಬ ಇಂಗ್ಲಿಷಿನ ತುಂಡುಪದವನ್ನು ಬಾಯಿಪಾಠ ಮಾಡಬೇಕು. ಚರಾಕ್ಷರವಾಗಿ ಕನ್ನಡವನ್ನೇ ಇಟ್ಟರೆ ಕಾಗುಣಿತವು ಒಡೆದು ಬಿಡಿಬಿಡಿಯಾಗಿ ಬೀಳುವುದೂ ಉಂಟು. ಬೇಸತ್ತ ಹುಡುಗಿ ಲೆಕ್ಕದ ಪುಸ್ತಕದ ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ನೀಟಾಗಿ ಬರೆದು ಫೋಟೋ ತೆಗೆದು ಕಳಿಸಿದರೆ, ಚಿತ್ರ ಸಲ್ಲದೆಂಬ ತೀರ್ಪು ದ್ವಾರಪಾಲಕರಿಂದ ಬರುತ್ತದೆ.

ಪುಟ ಚೆಂದವಿರಬೇಕೆಂಬ ಒಬ್ಬ ಮನುಷ್ಯನ ಹಂಬಲದಿಂದ ಹುಟ್ಟಿ, ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟ ಸಾಧನವಿದು. ತಮ್ಮ ಪುಸ್ತಕಗಳಲ್ಲಿ ತಪ್ಪು ಹುಡುಕಿ ತಿಳಿಸಿದವರಿಗೆ ಕನೂತರು ತಪ್ಪೊಂದಕ್ಕೆ 2.56 ಡಾಲರಿನ ಚೆಕ್ ಬರೆದುಕೊಟ್ಟರು. ಅವರ ಸಾಧನವನ್ನೇ ಹಿಡಿದು ನಿಂತ ದ್ವಾರಪಾಲಕರು ತಪ್ಪು ಮಾಡಿದವರಿಂದ ಸುಂಕ ವಸೂಲಿ ಮಾಡುತ್ತಿದ್ದಾರೆ. ಹುಡುಗಿ ಕೇಳಿದ್ದು 2ರ ಘಾತ 10 ಎಷ್ಟೆಂದು. ಉತ್ತರ 1024, ಅದನ್ನು ಹೇಳಲು ಪುಷ್ಪಾವರಣ ಬೇಕಿರಲಿಲ್ಲ.