ಸ್ಪ್ಯಾನಿಷ್ ಪಾಠ ಬರೆಯುವವರಿಗೆ, ನಾಲ್ಕನೇ ಸೀಟಿನಿಂದ

ಸ್ಪ್ಯಾನಿಷ್ ಸಂಭಾಷಣೆಯ ಪಾಠ ಬರೆಯುವ ಮಹನೀಯರೇ,

ಮುಂಬಯಿ ಪಕ್ಕದ ಡೊಂಬಿವ್ಲಿಯಿಂದ ಬರೆಯುತ್ತಿದ್ದೇನೆ.

ಆಫೀಸಿಗೆ ಮೆಕ್ಸಿಕೋದ ಗಿರಾಕಿಗಳು ಹೆಚ್ಚಿದ್ದರಿಂದ ನಿಮ್ಮ ಭಾಷೆ ನನ್ನ ಪಾಲಿಗೂ ಬಂತು. ಅಪರಿಚಿತರ ಪಕ್ಕ ಕೂರಲು ಅನುಮತಿ ಕೇಳುವ ಪಾಠ ಓದಿ ಧನ್ಯನಾದೆ. ‘ಪೆರ್ದೋನೆ, ಲೆ ಇಂಪೋರ್ತಾ ಸಿ ಮೆ ಸಿಯೆಂತೊ ಅಕೀ?’ ಕ್ಷಮೆ ಮೊದಲು, ಪ್ರಶ್ನೆ ಆಮೇಲೆ, ಕೂರುವುದು ಎಲ್ಲಕ್ಕಿಂತ ಕೊನೆಗೆ. ಪಾಠದ ಚಿತ್ರದಲ್ಲಿ ಒಬ್ಬಾಕೆ, ಒಂದು ಕಪ್ ಕಾಫಿ, ಮೂರು ಖಾಲಿ ಕುರ್ಚಿ. ಅಷ್ಟು ಕುರ್ಚಿ ಖಾಲಿ ಬಿದ್ದಿರುವ ಊರಿನವರು ಅನುಮತಿ ಕೇಳುವುದೇ ದೊಡ್ಡತನ ಬಿಡಿ.

ನಮ್ಮಲ್ಲಿ 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ರೈಲು ಓಡಿತು. ಅಂದಿನಿಂದ ಬೋಗಿಗಳು ಹೆಚ್ಚಿವೆ, ಜನ ಅದಕ್ಕೂ ಹೆಚ್ಚಿದ್ದಾರೆ. ದಟ್ಟಣೆಯ ಹೊತ್ತಿನಲ್ಲಿ ಒಂದು ಚದರ ಮೀಟರಿನಲ್ಲಿ 14ರಿಂದ 16 ಮಂದಿ ನಿಲ್ಲುತ್ತಾರೆಂಬುದು ರೈಲ್ವೆಯವರದೇ ಲೆಕ್ಕ. ಸೆಕೆಂಡ್ ಕ್ಲಾಸಿನ ಬೆಂಚು ಮೂವರದು, ಕೂರುವವರು ನಾಲ್ವರು. ಆ ನಾಲ್ಕನೆಯವನು ನಾನು. ನಾನು ಕ್ಷಮೆ ಕೇಳುವುದಿಲ್ಲ. ‘ಜರಾ ಸರಕಾ’, ಅಂದರೆ ಸ್ವಲ್ಪ ಸರಿಯಿರಿ, ಎನ್ನುತ್ತೇನೆ. ಬಾಯಿ ತೆರೆಯಲೂ ಆಗದಷ್ಟು ನೂಕುನುಗ್ಗಲಿದ್ದರೆ ಕೈಯಿಂದಲೇ ಸನ್ನೆ. ಮೂವರೂ ಪೇಪರಿನಿಂದ ಕಣ್ಣೆತ್ತದೆ ಒತ್ತಿಕೊಳ್ಳುತ್ತಾರೆ. ನನ್ನ ಒಂದು ತೊಡೆ ಬೆಂಚಿನ ಮೇಲೆ, ಇನ್ನೊಂದು ಭಗವಂತನ ಮೇಲೆ. ಧನ್ಯವಾದದ ಪ್ರಶ್ನೆಯೇ ಬರುವುದಿಲ್ಲ. ಕಿಟಕಿಯವರು ಘಾಟ್ಕೋಪರ್‌ನಲ್ಲಿ ಇಳಿಯುತ್ತಾರೋ ದಾದರ್‌ನಲ್ಲೋ ಎಂದು ಕೇಳಿ ಅವರ ಜಾಗಕ್ಕೂ ಆಗಲೇ ನಂಬರ್ ಹಾಕಿರುತ್ತೇನೆ.

ಮಾಟುಂಗಾದ ನಮ್ಮವರ ಹೋಟೆಲುಗಳಲ್ಲಿ ಇಷ್ಟೂ ಮಾತಿಲ್ಲ. ‘ಎಷ್ಟು ಜನ?’ ಅನ್ನುತ್ತಾರೆ. ಒಬ್ಬನೇ ಅಂದರೆ, ಅಪರಿಚಿತ ಸಂಸಾರವೊಂದರ ಮೇಜಿನ ನಾಲ್ಕನೇ ಕುರ್ಚಿ ತೋರಿಸುತ್ತಾರೆ. ಆ ಸಂಸಾರದ ಅಜ್ಜಿ ಸಾಂಬಾರಿನ ಬಟ್ಟಲನ್ನು ತುಸು ತಮ್ಮತ್ತ ಎಳೆದುಕೊಂಡರೆ ನನಗೆ ಸ್ವಾಗತ ಸಿಕ್ಕಿತೆಂದೇ ಅರ್ಥ.

ಹಾಗೆಂದು ನಮಗೆ ನಯವೇ ಗೊತ್ತಿಲ್ಲ ಎಂದುಕೊಳ್ಳಬೇಡಿ. ಅದನ್ನು ನಾವು ಬೇರೆ ಕಡೆಗೆ ಎತ್ತಿಟ್ಟಿದ್ದೇವೆ. ಫಸ್ಟ್ ಕ್ಲಾಸಿಗೆ ಹೋಗಿ: ಬೆಂಚಿಗೆ ಮೆತ್ತೆಯಿದೆ, ಮಾತಿಗೂ ಮೆತ್ತೆಯಿದೆ, ನಾಲ್ಕನೆಯವನಿಗೆ ಸಾಮಾನ್ಯವಾಗಿ ಜಾಗವಿಲ್ಲ. ಅದಕ್ಕಿಂತ ಒಳ್ಳೆಯ ಶಾಲೆ ಬೇಕಿದ್ದರೆ ಬಾಡಿಗೆಗೆ ಫ್ಲ್ಯಾಟ್ ಹುಡುಕಿ. ನಾನು ಹುಡುಕಿದ್ದೇನೆ. ಸೊಸೈಟಿಯ ಕಾರ್ಯದರ್ಶಿಗಳು ಎದ್ದು ನಿಂತು ಕುರ್ಚಿ ಕೊಟ್ಟರು, ಚಹಾ ತರಿಸಿದರು. ‘ತಪ್ಪು ತಿಳಿಯಬೇಡಿ, ಮನೆಯಲ್ಲಿ ಮೀನು ಮಾಡುತ್ತೀರಾ?’ ಎಂದು ಕೇಳಿದರು. ನಾನು ಮಂಗಳೂರು ಕಡೆಯವನು, ಇಲ್ಲ ಎನ್ನುವುದು ಹೇಗೆ? ‘ನಮಗೇನೂ ಅಭ್ಯಂತರವಿಲ್ಲ, ಮೆಂಬರುಗಳು ಸ್ವಲ್ಪ...’ ಎಂದು ಅವರೇ ನೊಂದುಕೊಂಡರು. ಮನೆ ಕೇಳಿ ಬಂದವನಿಗೆ ಮದುವೆಯಾಗಿಲ್ಲದಿದ್ದರೂ ಇದೇ ನೋವು. ಹೆಸರು ಮುಸಲ್ಮಾನರದ್ದಾದರೆ ನೋವು ಇನ್ನೂ ಹೆಚ್ಚು, ಕೆಲವೊಮ್ಮೆ ಚಹಾ ಬರುವ ಮುಂಚೆಯೇ. ಆದರೂ ಒಂದು ಒರಟು ಮಾತಿಲ್ಲ. ನಿಮ್ಮ ಪಾಠವನ್ನು ಪೂರ್ತಿ ಅರಗಿಸಿಕೊಂಡವರು ಈ ಊರಿನಲ್ಲಿ ಅವರೇ.

ಲೋಕಲ್ ರೈಲಿನಲ್ಲಿ ನನಗೆ ‘ಸರಕೋ’ ಎಂದವನು ನನ್ನ ಜಾತಿ ಕೇಳಲಿಲ್ಲ, ಅಡುಗೆ ಕೇಳಲಿಲ್ಲ. ಕೇಳಿದ್ದು ಎಲ್ಲಿ ಇಳಿಯುತ್ತೇನೆಂದು ಮಾತ್ರ. ಹಾಗಂತ ಲೋಕಲನ್ನು ದೇವಸ್ಥಾನ ಮಾಡುತ್ತಿಲ್ಲ. ನಡುವೆ ಬೊರಿವಲಿಯಲ್ಲೇ ಇಳಿಯುವವನು ಸಂಜೆ ದೂರದವರ ವಿರಾರ್ ಫಾಸ್ಟ್ ಹತ್ತಿ ನೋಡಲಿ, ಬಾಗಿಲಲ್ಲಿ ಸಿಗುವ ಪಾಠ ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಅಲ್ಲಿ ಬೈದವನ ಮನಸ್ಸಿನಲ್ಲೇನಿದೆ ಎಂದು ಹುಡುಕಬೇಕಿಲ್ಲ.

ಆದ್ದರಿಂದ ಮುಂದಿನ ಆವೃತ್ತಿಗೆ ಎರಡು ವಿನಂತಿ. ಚಿತ್ರದ ಮೂರು ಖಾಲಿ ಕುರ್ಚಿಗಳಲ್ಲಿ ಜನರನ್ನು ಕೂರಿಸಿ, ಆಮೇಲೆ ಕೂರಲು ಬಂದವನಿಂದ ಅನುಮತಿ ಕೇಳಿಸಿ. ಎರಡನೆಯದು, ಅನುಮತಿ ಕೇಳುವ ಪಾಠದ ಬೆನ್ನಿಗೇ, ನಗುನಗುತ್ತ ಬಾಗಿಲು ಹಾಕುವವರ ಮಾತನ್ನು ಗುರುತಿಸುವ ಪಾಠವನ್ನೂ ಸೇರಿಸಿ. ಅಭ್ಯಾಸಕ್ಕೆ ಸಂಭಾಷಣೆಗಳು ಬೇಕಿದ್ದರೆ ನಮ್ಮ ಉಪನಗರಗಳ ಯಾವ ಬ್ರೋಕರನ್ನು ಬೇಕಾದರೂ ಕೇಳಿ. ಕಮಿಷನ್ ಒಂದು ತಿಂಗಳ ಬಾಡಿಗೆ, ನಯ ಉಚಿತ.

ಇತಿ,
ಇನ್ನೂ ಮನೆ ಹುಡುಕುತ್ತಿರುವ ನಿಮ್ಮ ವಿದ್ಯಾರ್ಥಿ