ಕಾಸಿಗಾಗಿ ಸುದ್ದಿ ರಾಯರು

ಪೇಪರ್ ಬಿಚ್ಚುವ ಮೊದಲೇ ತೀರ್ಪು ಕೊಡುವವರು ಬೀದಿಗೊಬ್ಬರು ಇದ್ದೇ ಇರುತ್ತಾರೆ. ನಮ್ಮ ಪಾಲಿಗೆ ಬಂದವರು ನೀರಾವರಿ ಇಲಾಖೆಯಿಂದ ನಿವೃತ್ತರಾದ ಎದುರುಮನೆ ರಾಯರು. ಮನೆಗೆ ಎರಡು ಪತ್ರಿಕೆ ತರಿಸುತ್ತಾರೆ. ಮೂರನೆಯದನ್ನು ಓದಲು, ಕಾಫಿ ಹೊತ್ತಿಗೆ ಸರಿಯಾಗಿ, ನಮ್ಮಲ್ಲಿಗೆ ಬರುತ್ತಾರೆ. "ಎಲ್ಲಾ ದುಡ್ಡು ಕಣ್ರೀ" ಎಂಬುದು ಪೀಠಿಕೆ.

ಮುಖಪುಟ ಪೂರ್ತಿ ಯಾವುದೋ ಲೇಔಟಿನ ಜಾಹೀರಾತು ಬಂದ ದಿನ, ಒಳಪುಟದಲ್ಲಿ ಅದೇ ಲೇಔಟ್ ಮಾಲೀಕರ ಸಂದರ್ಶನ ಹುಡುಕುತ್ತಾರೆ. ಸಿಕ್ಕಿಬಿಟ್ಟರೆ ಮೊಮ್ಮಗನಿಗೆ ರ‍್ಯಾಂಕ್ ಬಂದಷ್ಟು ಖುಷಿ. ಹಾಳಾದ್ದು, ಎಷ್ಟೋ ಸಲ ಸಿಗುತ್ತದೆ!

ಚುನಾವಣೆ ಬಂದರೆ ಭಾರತೀಯ ಪತ್ರಿಕಾ ಮಂಡಳಿಯ ಪುರಾಣ. 'ಕಾಸಿಗಾಗಿ ಸುದ್ದಿ' ಕುರಿತು ಉಪಸಮಿತಿ 71 ಪುಟಗಳ ವರದಿ ಬರೆಯಿತು. 2010ರಲ್ಲಿ ಮಂಡಳಿ ಅದರಿಂದ ಪತ್ರಿಕೆಗಳ ಹೆಸರು ಕಿತ್ತು, ಮೊಟಕು ಮಾಡಿ ಬಿಡುಗಡೆ ಮಾಡಿತು. ಪೂರ್ತಿ ವರದಿ ಹೊರಬರಲು 2011 ಆಗಬೇಕಾಯಿತು. ಅಷ್ಟೂ ನಿಜ. ಕೇಳಿ ಕೇಳಿ ನನಗೂ ಬಾಯಿಪಾಠ.

ಇಂಥ ರಾಯರು 2016ರ ನವೆಂಬರಿನಲ್ಲಿ ಹೊಸ ಎರಡು ಸಾವಿರದ ನೋಟು ಹಿಡಿದು ಓಡಿಬಂದರು. ಒಳಗೆ ಚಿಪ್ ಇದೆಯಂತೆ, 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದಂತೆ. ವಾಟ್ಸ್ಆ್ಯಪಿನಲ್ಲಿ ಬಂದಿತ್ತು. ಕೆಲವು ಟೀವಿಯವರೂ ಅದನ್ನೇ ಹೇಳಿದ್ದರಿಂದ ಅಂದೊಂದು ದಿನ ಟೀವಿಗೂ ಕ್ಷಮೆ ಸಿಕ್ಕಿತ್ತು. ನೋಟನ್ನು ಟ್ಯೂಬ್‌ಲೈಟಿಗೆ ಹಿಡಿದು ಓರೆ ಮಾಡಿದರು. "ಹಸಿರು ಎಳೆ ನೀಲಿ ಆಗ್ತಿದೆ ನೋಡಿ, ಅದೇ ಸಿಗ್ನಲ್ಲು!"

"ರಿಸರ್ವ್ ಬ್ಯಾಂಕೇ ಇಲ್ಲ ಅಂದಿದೆಯಲ್ಲ ರಾಯರೇ, ಪೇಪರಿನಲ್ಲಿ ಬಂದಿದೆ."

"ಹಾಗೆ ಬರೆಯೋಕೆ ಪೇಪರಿನವರಿಗೆ ಎಷ್ಟು ಕೊಟ್ಟಿರಬೇಡ, ಯೋಚನೆ ಮಾಡಿ!"

ಮನೆಗೆ ಹೋಗಿ ನೋಟನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದರು. ಸಿಗ್ನಲ್ ಹೋಗಬಾರದಲ್ಲ.

ಪತ್ರಿಕೆಯ ಕೊನೆ ಪುಟದ ಬುಡದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರು ಅಂತ ಹೆಸರಿರುತ್ತದೆ. ಬೈಯಲಿಕ್ಕೆ, ಕೋರ್ಟಿಗೆ ಎಳೆಯಲಿಕ್ಕೆ ಒಬ್ಬರಾದರೂ ಸಿಗುತ್ತಾರೆ, ಫಾರ್ವರ್ಡಿಗೆ ಯಾರಿದ್ದಾರೆ ಎಂದು ಕೇಳಿದೆ. "ಯಾರೂ ಇಲ್ಲ, ಅದಕ್ಕೇ ಅದನ್ನ ಕೊಂಡುಕೊಳ್ಳೋಕೆ ಆಗಲ್ಲ" ಎಂದರು. ಈ ಪಾಯಿಂಟಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಎದುರಿಗೆ ನಾನು ತೆರೆದಿಟ್ಟಿದ್ದು ರಾಶಿಭವಿಷ್ಯದ ಪುಟವಾದ್ದರಿಂದ ಜೋರು ಮಾಡುವಂತೆಯೂ ಇರಲಿಲ್ಲ.

ಅವರ ಬಾಯಿ ಕಟ್ಟಿದ್ದು ಒಮ್ಮೆ ಮಾತ್ರ. 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್ಆ್ಯಪ್ ವದಂತಿ ನಂಬಿದ ಜನ ಒಬ್ಬ ಯುವಕನನ್ನು ಹೊಡೆದು ಕೊಂದಾಗ. ಅಂಥದೇ ಸಂದೇಶವನ್ನು ರಾಯರು ನಮ್ಮ ಬೀದಿಯ ಗುಂಪಿಗೂ ಕಳಿಸಿದ್ದರು. ಅಂದು ಮೂರೂ ಪತ್ರಿಕೆಗಳಲ್ಲಿ ಆ ಸುದ್ದಿಯನ್ನು ಒಂದಕ್ಷರ ಬಿಡದೆ ಓದಿದರು, ಯಾರು ದುಡ್ಡು ಕೊಟ್ಟರು ಅಂತ ಕೇಳಲಿಲ್ಲ.

ಮರುದಿನ "ಎಲ್ಲಾ ದುಡ್ಡು ಕಣ್ರೀ" ಮತ್ತೆ ಶುರುವಾಯಿತು. ಆದರೆ ಪೇಪರ್ ಹಾಕುವ ಹುಡುಗನನ್ನು ಕೇಳಿ ನೋಡಿ: ನಮ್ಮ ಬೀದಿಯಲ್ಲಿ ಒಂದನೇ ತಾರೀಕಿಗೇ ಬಿಲ್ ಕೊಡುವವರು ರಾಯರೊಬ್ಬರೇ. ಪತ್ರಿಕೆಗಳನ್ನು ನಂಬುವ ನಾವೆಲ್ಲ ಬಾಕಿ ಇಟ್ಟುಕೊಂಡವರು.