ಸೂಪರ್ ಬಿಲ್ಡಪ್ ಏರಿಯಾ

ಬಸವನಗುಡಿಯಲ್ಲಿ ಮನೆ ಕೆಡವುವವನ ಹೆಸರು ಬಿಲ್ಡರ್. ಗಾಂಧಿಬಜಾರಿನ ಸುತ್ತ ಯಾವ ಅಡ್ಡರಸ್ತೆ ಹೊಕ್ಕರೂ ಅದೇ ಕಥೆ. ಮೊದಲು ಜೆಸಿಬಿ ಬರುತ್ತದೆ. ಮಂಗಳೂರು ಹೆಂಚು, ತೇಗದ ಬಾಗಿಲು, ಕಿಟಕಿ ಸರಳು ಹಳೇ ಸಾಮಾನಿನವರ ಪಾಲಾಗುತ್ತವೆ. ಆಮೇಲೆ ತಗಡಿನ ಬೇಲಿಯ ಮೇಲೆ ಬೋರ್ಡು ಏರುತ್ತದೆ: ‘ಹೆರಿಟೇಜ್ ಲಿವಿಂಗ್’. ಹೆರಿಟೇಜು ಹಿಂದಿನ ದಿನವಷ್ಟೇ ಲಾರಿ ಹತ್ತಿ ಹೋಗಿರುತ್ತದೆ. ಮನೆಯವರೂ ‘ಕೆಡವಿಸಿದ್ವಿ’ ಎನ್ನುವುದಿಲ್ಲ. ‘ಡೆವಲಪ್‌ಮೆಂಟ್‌ಗೆ ಕೊಟ್ವಿ, ಫಿಫ್ಟಿ ಫಿಫ್ಟಿ’ ಎನ್ನುತ್ತಾರೆ.

ಇಂಗ್ಲಿಷಿನ ‘ಬಿಲ್ಡ್’ ನಮ್ಮ ಹುಡುಗರ ಬಾಯಿಗೆ ಬಿದ್ದು ‘ಬಿಲ್ಡಪ್’ ಆಗಿ ಬಹಳ ಕಾಲವಾಯಿತು. ಜೇಬಲ್ಲಿಲ್ಲದ್ದನ್ನು ಮುಖದಲ್ಲಿ ತೋರಿಸುವವನು ಬಿಲ್ಡಪ್ ಕೊಡುತ್ತಾನೆ. ಗಾಂಧಿನಗರದ ಸಿನಿಮಾದಲ್ಲಿ ನಾಯಕ ಕಾರಿಂದ ಒಂದು ಕಾಲು ಕೆಳಗಿಡಲು ಎರಡು ನಿಮಿಷ ತೆಗೆದುಕೊಂಡರೆ ಅದೂ ಬಿಲ್ಡಪ್ಪೇ. ಬಿಲ್ಡರುಗಳು ಮಾಡಿದ್ದಿಷ್ಟೆ: ಅದನ್ನು ಚದರಡಿ ಲೆಕ್ಕದಲ್ಲಿ ಮಾರಿದರು. ಸೂಪರ್ ಬಿಲ್ಟಪ್ ಏರಿಯಾ ಎಂದರೆ ಮೆಟ್ಟಿಲು, ಲಿಫ್ಟು, ಲಾಬಿ, ಸೆಕ್ಯೂರಿಟಿಯವನು ತೂಕಡಿಸುವ ಮೂಲೆ, ಎಲ್ಲದರಲ್ಲೂ ನಿಮ್ಮದೊಂದು ಪಾಲು. ಹದಿನೈದು ಚದರಕ್ಕೆ ದುಡ್ಡು ಕಟ್ಟಿದವರು ಟೇಪು ಹಿಡಿದು ಅಳೆದರೆ ಒಳಗೆ ಹನ್ನೊಂದೂ ಸಿಗದಿರಬಹುದು. ಮಿಕ್ಕದ್ದು ಬಿಲ್ಡಪ್.

2016ರ ರೇರಾ ಕಾಯ್ದೆ ಬಂದು, ಕಾರ್ಪೆಟ್ ಏರಿಯಾ ಎಷ್ಟೆಂದು ಬಾಯಿಬಿಡಲೇಬೇಕು ಎಂದಿತು. ಒಳಗೋಡೆ ಲೆಕ್ಕಕ್ಕುಂಟು, ಹೊರಗೋಡೆ, ಬಾಲ್ಕನಿ, ವರಾಂಡ ಇಲ್ಲ. ಒಳ್ಳೆಯ ಕಾಯ್ದೆಯೇ. ಆದರೆ ಚಾಮರಾಜಪೇಟೆಯ ಹಳೇ ಮನೆಗೆ ಈ ಟೇಪು ಹಿಡಿದರೆ ಜಗಲಿ ಲೆಕ್ಕ ತಪ್ಪಿಹೋಗುತ್ತದೆ. ಬೆಳಗಿನಿಂದ ಸಂಜೆವರೆಗೆ ಅಲ್ಲೇ ಕೂತು ಇಡೀ ಬೀದಿಯ ಆಡಳಿತ ನಡೆಸುತ್ತಿದ್ದ ತಾತ, ಕಾನೂನಿನ ಪ್ರಕಾರ ಮನೆಯಲ್ಲೇ ಇರಲಿಲ್ಲ.

ಚಾಮರಾಜಪೇಟೆ 1892ರ ಬಡಾವಣೆ. 1898ರ ಪ್ಲೇಗು ಹಳೇ ಪೇಟೆಯ ಇಕ್ಕಟ್ಟಿನಲ್ಲಿ ಜನರನ್ನು ಕೊಂದಮೇಲೆ ಬಸವನಗುಡಿ, ಮಲ್ಲೇಶ್ವರಂಗಳೂ ತುಂಬತೊಡಗಿದವು. ಅಗಲ ರಸ್ತೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಗೋಡೆಗೂ ಗೋಡೆಗೂ ನಡುವೆ ಗಾಳಿ ಆಡಲು ಜಾಗ. ಆ ಜಾಗಕ್ಕೆ ಈಗಿನ ಹೆಸರು ಸೆಟ್‌ಬ್ಯಾಕ್: ನಕ್ಷೆಯಲ್ಲಿ ಖಾಲಿ, ನೆಲದ ಮೇಲೆ ಬಾಡಿಗೆ ರೂಮು. ಇಂಥದ್ದಕ್ಕೆಲ್ಲ ದಂಡ ಕಟ್ಟಿಸಿಕೊಂಡು ಪಾವನ ಮಾಡಲು ಸರ್ಕಾರ ಅಕ್ರಮ ಸಕ್ರಮ ತಂದಿತು. 2017ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ತಡೆಯಾಜ್ಞೆ ಓದುವ ಅಭ್ಯಾಸ ಗೋಡೆಗಳಿಗಿಲ್ಲ.

ಇತ್ತೀಚೆಗೆ ‘ಬಿಲ್ಡ್’ ಎಂಬ ಪದ ಇನ್ನೊಂದು ಮಹಡಿ ಏರಿದೆ. ಮಲ್ಲೇಶ್ವರದ ಮನೆಗಳಲ್ಲಿ ಮಾತು ಹೀಗೆ ಸಾಗುತ್ತದೆ:

‘ಕೆಲಸ ಬಿಟ್ಟು ಏನೋ ಮಾಡ್ತಿದೀಯ?’

‘ಬಿಲ್ಡ್ ಮಾಡ್ತಿದೀನಿ ತಾತ.’

‘ಭೇಷ್! ಸೈಟು ಎಲ್ಲಿ?’

‘ಸೈಟ್ ಇನ್ನೂ ಲೈವ್ ಆಗಿಲ್ಲ.’

‘ಅಂದ್ರೆ ಖಾತೆ ಆಗಿಲ್ಲ. ಎ ಖಾತೆನೋ, ಬಿ ಖಾತೆನೋ?’

‘ಸದ್ಯಕ್ಕೆ ಬೀಟಾ.’

‘ಬಿ ಅಂದ್ರೆ ಬ್ಯಾಂಕಿನವ್ರು ಸಾಲ ಕೊಡಲ್ಲ ಕಣೋ.’

‘ಬೇಡ ತಾತ, ಇನ್ವೆಸ್ಟರ್ ಕೊಟ್ಟಿದಾರೆ.’

‘ಏನು ನೋಡಿ?’

‘ಸ್ಲೈಡ್ಸ್.’

‘ನಾವೂ ಬ್ರೋಷರ್ ನೋಡೇ ಕೊಟ್ಟಿದ್ದು. ಇರ್ಲಿ, ಓಸಿ ಬಂದ್ಮೇಲೆ ಹೇಳು, ಹಾಲುಕ್ಕಿಸೋಕೆ ಬರ್ತೀವಿ.’